ಎರಡು ಚಪ್ಪಾಳೆ, ನಾಲ್ಕು ಚಪ್ಪಾಳೆ

ಸಂಜೆಯಾದರೆ ನವಿ ಮುಂಬಯಿ ಖಾರಘರದ ನಮ್ಮ ಮನೆಯಲ್ಲಿ ಚಪ್ಪಾಳೆ ಶುರು. ಎರಡನೇ ಕ್ಲಾಸಿನ ಮೊಮ್ಮಗನಿಗೆ ಇಂಗ್ಲಿಷ್ ಪದಗಳನ್ನು ತಟ್ಟಿ ಬಿಡಿಸುವ ಪಾಠ. ‘ಟೇ-ಬಲ್’ ಎರಡು, ‘ಎ-ಲಿ-ಫಂಟ್’ ಮೂರು. ನನಗೆ ಇದು ಹೊಸತಲ್ಲ. ಮುಂಬಯಿ ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವನು ನಾನು. ಸಾಲಿನ ಕೊನೆಯ ಪದವನ್ನು ಎಲ್ಲಿ ಮುರಿಯಬೇಕೆಂದು ನೋಡುವುದೇ ಹೊಟ್ಟೆಪಾಡಾಗಿತ್ತು. ಒಮ್ಮೆ ಕಾನೂನು ಪುಸ್ತಕವೊಂದರಲ್ಲಿ ‘ಮ್ಯಾನ್‌ಸ್ಲಾಟರ್’ ಪದ ‘ಎಸ್’ ಆದಮೇಲೆ ಮುರಿದು, ಕೆಳಗಿನ ಸಾಲಿಗೆ ‘ಲಾಫ್ಟರ್’ ಇಳಿದಿತ್ತು. ನರಹತ್ಯೆ ಹೋಗಿ ನಗು! ನನ್ನ ಕಣ್ಣೇ ತಪ್ಪಿಸಿತ್ತು.

ಕನ್ನಡಕ್ಕೆ ಈ ಪೀಡೆ ಇಲ್ಲ. ಎರಡು ಅಕ್ಷರಗಳ ನಡುವೆ ಎಲ್ಲಿ ಮುರಿದರೂ ನಾಲಿಗೆ ಎಡವದು. ಇಂಗ್ಲಿಷಿನಲ್ಲಿ ಬ್ರಿಟಿಷರು ಹೆಚ್ಚಾಗಿ ಪದದ ಹುಟ್ಟು ನೋಡುತ್ತಾರೆ, ಅಮೆರಿಕದವರು ಉಚ್ಚಾರ. ಇಬ್ಬರನ್ನೂ ಕಾಡುವ ಪದ ‘ಪ್ರೆಸೆಂಟ್’. ಉಡುಗೊರೆಯಾದರೆ ‘ಎಸ್’ ಆದಮೇಲೆ ಮುರಿಯಬೇಕು, ಒಪ್ಪಿಸುವ ಕ್ರಿಯೆಯಾದರೆ ‘ಎಸ್’ಗಿಂತ ಮೊದಲು. ಅಕ್ಷರಗಳು ಅವೇ ಏಳು. ಪದ ಮುರಿಯುವುದನ್ನು ಕಂಪ್ಯೂಟರಿಗೆ ಕಲಿಸುವ ಬಗೆಯನ್ನು ಸ್ಟ್ಯಾನ್‌ಫರ್ಡಿನ ಫ್ರಾಂಕ್ಲಿನ್ ಲಿಯಾಂಗ್ 1983ರ ತಮ್ಮ ಪ್ರಬಂಧದಲ್ಲಿ ಬರೆದರು. ಆ ವಿಧಾನದಲ್ಲಿ ನಡೆಯುವ ‘ಟೆಕ್’ ಎಂಬ ಅಚ್ಚುಜೋಡಣೆಯ ಸಾಫ್ಟ್‌ವೇರ್ ‘ಪ್ರೆಸೆಂಟ್’ ಕಂಡರೆ ಮುಟ್ಟದೆ ಬಿಡುತ್ತದೆ. ವಾಕ್ಯ ತಿಳಿಯದೆ ಕತ್ತರಿ ಹಾಕುವುದಿಲ್ಲ. ಎಷ್ಟೋ ಪಂಡಿತರಿಗೆ ಇಲ್ಲದ ವಿವೇಕ ಅದು.

ವೈಯಾಕರಣ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ವಾದಿಸಿದ್ದು ಹೆಚ್ಚುಕಮ್ಮಿ ಇದನ್ನೇ. ವಾಕ್ಯ ಅಖಂಡ. ಪದ, ವರ್ಣಗಳೆಲ್ಲ ನಾವು ಕಲಿಯಲಿಕ್ಕೆ ಮಾಡಿಕೊಂಡ ತುಂಡುಗಳು. ಅರ್ಥ ಹೊಳೆಯುವುದು ಇಡಿಯಾಗಿಯೇ, ಅದು ಸ್ಫೋಟ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನು ಒಪ್ಪಲಿಲ್ಲ. ತಮಗಿಂತ ಹಿಂದಿನ ಉಪವರ್ಷರ ಮಾತು ಹಿಡಿದು, ವರ್ಣಗಳೇ ಶಬ್ದ, ಕ್ರಮದಲ್ಲಿ ಕೇಳಿದ ವರ್ಣಗಳೇ ಅರ್ಥ ಕೊಡುವಾಗ ನಡುವೆ ಕಾಣದ ಇನ್ನೊಂದು ಏಕೆ ಎಂದರು. ನಾನು ಗೋಕರ್ಣದ ಕಡೆಯ ಸ್ಮಾರ್ತ. ಆಚಾರ್ಯರ ಪಕ್ಷವನ್ನೇ ಹಿಡಿಯಬೇಕಾದವನು. ಆದರೆ ‘ಪ್ರೆಸೆಂಟ್’ ಮುಂದೆ ಪೆನ್ಸಿಲ್ ಹಿಡಿದು ಕೂತು, ವಾಕ್ಯದ ತುದಿಯವರೆಗೂ ಓದಿ ಹಿಂದಿರುಗಿದ ಕೈ ಭರ್ತೃಹರಿಯ ಕಡೆಗೇ ವಾಲುತ್ತದೆ.

ನಮ್ಮಜ್ಜ ವೇದವನ್ನು ಪದ ಬಿಡಿಸಿ ಹೇಳುವ ಪದಪಾಠದಲ್ಲಿ ‘ಪುರೋಹಿತ’ವನ್ನು ‘ಪುರಃ’ ಎಂದು ತುಸು ನಿಂತು, ‘ಹಿತಂ’ ಎನ್ನುತ್ತಿದ್ದ. ಬರೆದರೆ ಅಲ್ಲಿ ಅವಗ್ರಹ, ನಮ್ಮ ಹಳೆಯ ಹೈಫನ್. ಬಿಡಿಸಿದ್ದು ಮಂತ್ರ ಕೆಡದೆ ಉಳಿಯಲಿ ಅಂತ. ಹೋಮಕ್ಕೆ ಕೂತರೆ ಮತ್ತೆ ಬಿಡಿಸದ ಸಂಹಿತೆಯೇ.

ಮೊನ್ನೆ ಲೋಕಲ್ಲಿನಲ್ಲಿ ಬೇಲಾಪುರ ದಾಟಿದ ಮೇಲೆ ‘ಪುಢೀಲ ಸ್ಟೇಷನ್ ಖಾರಘರ’ ಅಂತ ಸ್ಪೀಕರ್ ಕೂಗಿತು. ಮೊಮ್ಮಗ ಮರಾಠಿಯ ರೂಢಿಯಲ್ಲಿ ‘ಖಾರ್-ಘರ್’ ಅಂತ ಎರಡೇ ತಟ್ಟಿದ. ನಾನು ‘ಖಾ, ರ’ ಅಂತ ಕನ್ನಡದ ಲೆಕ್ಕ ಹಿಡಿದೆ.

‘ಅಜ್ಜಾ ಏಳು, ಇಳೀಬೇಕು’ ಎಂದು ಕೈ ಎಳೆದ. ನನ್ನವು ಇನ್ನೂ ಎರಡು ಬಾಕಿ ಇದ್ದವು.