ನಿಜ ಹೇಳುವವರಿಗೆ ವಕೀಲರೇಕೆ?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಗಾದೆ ನಮ್ಮದು. ಅಮೆರಿಕದ ವಲಸೆ ಅಧಿಕಾರಿಯ ಮುಂದೆ ಈ ಗಾದೆ ನಡೆಯುವುದಿಲ್ಲ. ಗ್ರೀನ್ ಕಾರ್ಡಿಗಾಗಿಯೇ ಮಾಡಿಕೊಂಡ ಹುಸಿ ಮದುವೆ ಎಂದು ನ್ಯಾಯಾಲಯದಲ್ಲಿ ಸಾಬೀತಾದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ.

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳು ಅಲ್ಲಿನ ನಾಗರಿಕನನ್ನು ಮದುವೆಯಾಗಿದ್ದಾಳೆ. ಇಬ್ಬರಿಗೂ ಸಂದರ್ಶನದ ಕರೆ ಬಂದಿದೆ. "ಲಾಯರ್‌ನ ಕರ್ಕೊಂಡು ಹೋದ್ರೆ ಏನೋ ಮುಚ್ಚಿಡ್ತಿದೀವಿ ಅನ್ಕೊಳ್ಳಲ್ವಾ ಮಾಮ?" ಎಂದು ಕೇಳಿದಳು. ಖರ್ಚಿನ ಪ್ರಶ್ನೆಯಂತೆ ಕಂಡರೂ ಇದು ನೈತಿಕತೆಯ ಪ್ರಶ್ನೆ.

ದಾಂಪತ್ಯದ ವಿಷಯಕ್ಕೆ ವಕೀಲರು ಬರಬಾರದು ಎಂಬ ಭಾವನೆ ನಮ್ಮ ಕಾನೂನಿನಲ್ಲೂ ಇದೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರನ್ನು ಹಕ್ಕಾಗಿ ಕೇಳುವಂತಿಲ್ಲ. ಆದರೆ ಅಲ್ಲಿ ಎದುರುಬದುರು ನಿಂತವರು ಗಂಡ ಹೆಂಡತಿ. ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ಇಬ್ಬರೂ ಒಂದೇ ಕಡೆ ಕೂರುತ್ತಾರೆ, ಎದುರಿಗೆ ಸರ್ಕಾರ. ಬಲ ಸಮನಾಗಿಲ್ಲ. ಅದಕ್ಕೇ ಅಮೆರಿಕದ ನಿಯಮವೇ ವಕೀಲರನ್ನು ಜೊತೆಗಿಟ್ಟುಕೊಳ್ಳುವ ಹಕ್ಕು ಕೊಡುತ್ತದೆ. ಜಿ-28 ಎಂಬ ಫಾರಂ ತುಂಬಬೇಕು, ಫೀಸು ನಮ್ಮದೇ. ಕಾನೂನು ಕೊಟ್ಟ ಹಕ್ಕನ್ನು ಬಳಸುವುದು ತಪ್ಪೊಪ್ಪಿಗೆ ಹೇಗಾದೀತು?

ಸತ್ಯ ತಾನಾಗಿಯೇ ಗೆಲ್ಲುತ್ತದೆ ಎನ್ನುವವರು ಒಂದು ವಿಷಯ ಗಮನಿಸಬೇಕು. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ. 1970ರ ದಶಕದ ನ್ಯೂಯಾರ್ಕಿನ ಒಂದು ಮೊಕದ್ದಮೆಯಿಂದಾಗಿ ಇದಕ್ಕೆ ಸ್ಟೋಕ್ಸ್ ಸಂದರ್ಶನ ಎಂಬ ಹೆಸರು. ಮಂಚದ ಯಾವ ಬದಿಯಲ್ಲಿ ಯಾರು ಮಲಗುತ್ತೀರಿ, ಬೆಳಿಗ್ಗೆ ಮೊದಲು ಏಳುವವರು ಯಾರು, ಇಂಥ ಪ್ರಶ್ನೆಗಳು. ಮದುವೆಯಾಗಿ 20 ವರ್ಷವಾದರೂ ನಮ್ಮ ಮನೆಯ ಪರದೆಯ ಬಣ್ಣ ಕೇಳಿದರೆ ನಾನು ತಡವರಿಸುತ್ತೇನೆ. ನಿಜವಾದ ಸಂಸಾರಕ್ಕೆ ಮರೆವು ಸಹಜ. ಉರು ಹೊಡೆದು ಬರುವವರು ಸುಳ್ಳುಗಾರರೇ. ಸತ್ಯವಾಗಿರುವುದು ಬೇರೆ, ಅಪರಿಚಿತರಿಗೆ ಸತ್ಯವಾಗಿ ಕಾಣುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿ ವಕೀಲರಿಗೆ ಕೆಲಸವಿದೆ. ಅಸ್ಪಷ್ಟ ಪ್ರಶ್ನೆಯನ್ನು ಬಿಡಿಸಿ ಕೇಳುವುದು, ಬಿಟ್ಟುಹೋದ ದಾಖಲೆಯನ್ನು ಕಡತಕ್ಕೆ ಸೇರಿಸುವುದು, "ನೆನಪಿಲ್ಲ" ಎಂದದ್ದು "ಇಲ್ಲ" ಎಂದು ದಾಖಲಾಗದಂತೆ ನೋಡಿಕೊಳ್ಳುವುದು.

ಉತ್ತರ ಮಾತ್ರ ಗಂಡ ಹೆಂಡತಿಯದೇ. ಇಬ್ಬರ ಉತ್ತರ ಹೊಂದುವಂತೆ ವಕೀಲರಿಂದ ಪಾಠ ಹೇಳಿಸಿಕೊಂಡರೆ, ನಿಜವಾದ ಮದುವೆಯೂ ಆ ಕೋಣೆಯಲ್ಲಿ ನಾಟಕವಾಗುತ್ತದೆ. ನನ್ನ ಆಕ್ಷೇಪವಿರುವುದು ಅದಕ್ಕೆ.

ಇನ್ನೊಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ದಂಪತಿಗೆ ಒಬ್ಬರೇ ವಕೀಲರಿರುತ್ತಾರೆ. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಸಿಕ್ಕ ಗ್ರೀನ್ ಕಾರ್ಡ್ ಷರತ್ತಿನದು. ಆ ಷರತ್ತು ತೆಗೆಸಲು ಸಾಮಾನ್ಯವಾಗಿ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. ಅಂದರೆ ಒಬ್ಬರ ನೆಲೆ ಇನ್ನೊಬ್ಬರ ಸಹಿಯ ಮೇಲೆ ನಿಂತಿರುತ್ತದೆ. ಮನೆಯಲ್ಲಿ ಹೊಡೆತ ತಿನ್ನುವ ಸಂಗಾತಿ ಒಂಟಿಯಾಗಿ ಅರ್ಜಿ ಹಾಕಲು ಅಲ್ಲಿನ ಕಾನೂನು ದಾರಿ ಕೊಟ್ಟಿದೆ. ಆದರೆ ಇಬ್ಬರಿಗೂ ಸೇರಿದ ವಕೀಲರ ಮುಂದೆ, ಪಕ್ಕದಲ್ಲೇ ಗಂಡ ಕೂತಿರುವಾಗ, ಅದನ್ನು ಕೇಳುವುದು ಹೇಗೆ?

ಈ ಹಕ್ಕು ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಫೀಸು ಕೊಡಲಾಗದವರಿಗೆ ಅದು ಕಾಗದದ ಮೇಲಷ್ಟೇ. ಇಲ್ಲಿಂದ ಹೊರಡುವ ಗಂಡನೋ ಹೆಂಡತಿಯೋ ಮುಂಬೈ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತಾಗ ವಕೀಲರು ಪಕ್ಕದಲ್ಲಿರಬೇಕೆಂದು ಹಕ್ಕಿನಿಂದ ಕೇಳುವಂತಿಲ್ಲ. ನಾಗರಿಕರಿಗೆ ತಮ್ಮ ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವ ಮೂಲಭೂತ ಹಕ್ಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಅಕ್ಕನ ಮಗಳಿಗೆ ನಾನು ಹೇಳಿದ್ದಿಷ್ಟು. ವೀಸಾ ಅವಧಿ ಮೀರಿ ಉಳಿದದ್ದು, ಪೊಲೀಸ್ ಕೇಸು, ಹಿಂದೆ ತಿರಸ್ಕೃತವಾದ ಅರ್ಜಿ, ಇವುಗಳಲ್ಲಿ ಒಂದಿದ್ದರೂ ವಕೀಲರನ್ನು ಕರೆದುಕೊಂಡು ಹೋಗು. ಇಲ್ಲದಿದ್ದರೆ ನಿಮ್ಮಿಷ್ಟ. ಎರಡರಲ್ಲಿ ಯಾವುದಾದರೂ ಸರಿ, ಅದಕ್ಕೂ ಮೊದಲು ನೀನೊಬ್ಬಳೇ ಹೋಗಿ ಬೇರೊಬ್ಬ ವಕೀಲರ ಹತ್ತಿರ ಒಂದು ಗಂಟೆ ಮಾತಾಡು. ನಿನ್ನ ಗಂಡ ಒಳ್ಳೆಯವನೇ. ಆದರೂ ನಿನ್ನ ಹಕ್ಕು ನಿನಗೆ ಗೊತ್ತಿರಲಿ.