ಅಗಿಯದ ತುತ್ತು

ನಮ್ಮ ಬೀದಿಯ ಹುಡುಗಿಯೊಬ್ಬಳು ವಾರಕ್ಕೆ ಮೂರು ಸಂಜೆ ಇಂಗ್ಲಿಷ್ ಪಾಠಕ್ಕೆಂದು ನನ್ನಲ್ಲಿಗೆ ಬರುತ್ತಾಳೆ. ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ, ಕನ್ನಡ ಮಾಧ್ಯಮ. ಅವಳು ತರುವ ಅಭ್ಯಾಸಪುಸ್ತಕದಲ್ಲಿ ಪುಟಕ್ಕೊಂದರಂತೆ ಗದ್ಯಖಂಡಗಳು, ಒಂದೊಂದರ ಕೆಳಗೂ ಐದೈದು ಪ್ರಶ್ನೆಗಳು. ಐದನೆಯ ಪ್ರಶ್ನೆ ಮಾತ್ರ ಯಾವ ಪುಟಕ್ಕೆ ಹೋದರೂ ಬದಲಾಗದು: ಈ ಖಂಡಕ್ಕೆ ತಕ್ಕ ಶೀರ್ಷಿಕೆಯನ್ನು ಸೂಚಿಸಿರಿ. ಇಂಥ ಖಂಡಗಳನ್ನು ರಚಿಸುವವರಿಗೆ ಲೋಕದ ಮಕ್ಕಳ ದೇಹಾರೋಗ್ಯದಲ್ಲಿ ಅದೇನು ಕಾಳಜಿಯೋ ಕಾಣೆ. ಬೆಳಗಿನ ಉಪಾಹಾರವನ್ನು ತಪ್ಪಿಸಬಾರದು, ಹಣ್ಣು ಹಾಲು ಸೊಪ್ಪುಗಳನ್ನು ಮರೆಯಬಾರದು, ಕೈತೊಳೆಯದೆ ಉಣ್ಣಬಾರದು ಎಂಬ ಹಿತೋಪದೇಶವೇ ಪುಟಪುಟದಲ್ಲಿಯೂ ತುಂಬಿರುತ್ತದೆ. ಹೇಳುವುದೆಲ್ಲ ದಿಟವೇ, ಅದನ್ನೋದಿ ಯಾರೂ ಕೆಟ್ಟಿಲ್ಲ.

ಮೊನ್ನೆಯ ಖಂಡ ಊಟದ ಕ್ರಮವನ್ನು ಕುರಿತದ್ದು. ‘ವೈ ಶುಡ್ ವೀ ಚ್ಯೂ ಅವರ್ ಫುಡ್ ವೆಲ್?’ ಎಂಬುದು ಮೊದಲ ಪ್ರಶ್ನೆ. ಹುಡುಗಿ ಪ್ರಶ್ನೆಯ ‘ಚ್ಯೂ’ ಎಂಬ ಪದದ ಮೇಲೆ ಎಡಗೈಯ ತೋರುಬೆರಳನ್ನಿಟ್ಟುಕೊಂಡು, ಬಲಗೈಯ ಪೆನ್ಸಿಲಿನ ತುದಿಯನ್ನು ಖಂಡದ ಸಾಲುಗಳ ಮೇಲೆ ಓಡಿಸುತ್ತ ಹೋಗಿ, ಅದೇ ಪದವು ಮತ್ತೊಮ್ಮೆ ಕಣ್ಣಿಗೆ ಬಿದ್ದೊಡನೆ ನಿಂತು, ಆ ವಾಕ್ಯವನ್ನು ದೊಡ್ಡಕ್ಷರದಿಂದ ಪೂರ್ಣವಿರಾಮದವರೆಗೆ ಒಂದು ಚುಕ್ಕೆಯೂ ತಪ್ಪದಂತೆ ದುಂಡಗೆ ಇಳಿಸಿದಳು. ಉತ್ತರ ಸರಿಯಾಗಿತ್ತು. ‘ಚ್ಯೂ ಎಂದರೇನಮ್ಮ?’ ಎಂದು ಕೇಳಿದೆ. ‘ಗೊತ್ತಿಲ್ಲ ತಾತ. ಆದರೆ ಆನ್ಸರ್ ಕರೆಕ್ಟ್ ಅಲ್ವಾ?’ ಎಂದಳು.

ಅಲ್ಲವೆಂದು ಹೇಗೆ ಹೇಳಲಿ? ಪರೀಕ್ಷಕರು ಹೌದೆನ್ನುತ್ತಾರೆ, ಅಂಕವೂ ದೊರೆಯುತ್ತದೆ. ಶಾಲೆಯಲ್ಲಿ ಇದಕ್ಕೆ ಅರ್ಥಗ್ರಹಣವೆಂದು ಹೆಸರು. ಗ್ರಹಣವೆಂದರೆ ಕೈಯಲ್ಲಿ ಹಿಡಿಯುವುದೂ ಹೌದು, ಸೂರ್ಯಚಂದ್ರರಿಗೆ ಹಿಡಿಯುವುದೂ ಹೌದು. ಇಲ್ಲಿ ಅರ್ಥಕ್ಕೆ ಹಿಡಿದದ್ದು ಇವೆರಡರಲ್ಲಿ ಯಾವುದೆಂದು ಆ ಸಂಜೆ ನನಗೆ ಸಂದೇಹವಾಯಿತು. ಭಾರವಿಲ್ಲದ ಕಲಿಕೆಯನ್ನು ಕುರಿತು ಪ್ರೊಫೆಸರ್ ಯಶಪಾಲರ ಸಮಿತಿಯು 1993ರಲ್ಲಿ ಸಲ್ಲಿಸಿದ ವರದಿಯು, ಮಕ್ಕಳ ಬೆನ್ನಿನ ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಹೆಚ್ಚು ಕೇಡಿನದೆಂದು ಎಚ್ಚರಿಸಿತ್ತು. ಆದರೆ ನನ್ನೆದುರಿಗೆ ಕುಳಿತಿದ್ದವಳ ಮುಖದಲ್ಲಿ ಯಾವ ಭಾರವೂ ಕಾಣಲಿಲ್ಲ. ಅರ್ಥವಾಗದಿರುವುದನ್ನು ಹಗುರವಾಗಿ ಹೊತ್ತು ನಡೆಯುವ ವಿದ್ಯೆ ಅವಳಿಗೆ ಆಗಲೇ ಕರಗತವಾಗಿತ್ತು.

ವಾಕ್ಯದಿಂದ ಅರ್ಥವು ಹುಟ್ಟುವುದೆಂತು ಎಂಬ ಪ್ರಶ್ನೆಯನ್ನು ನಮ್ಮ ದರ್ಶನಕಾರರಷ್ಟು ಪಟ್ಟುಹಿಡಿದು ವಿಚಾರಿಸಿದವರು ವಿರಳ. ಮಗುವು ಭಾಷೆಯನ್ನು ಕಲಿಯುವುದು ವೃದ್ಧವ್ಯವಹಾರದಿಂದ ಎಂದು ಪ್ರಾಭಾಕರ ಮೀಮಾಂಸಕರು ಹೇಳುತ್ತಾರೆ. ಹಿರಿಯನೊಬ್ಬನು ‘ಹಸುವನ್ನು ತಾ’ ಎನ್ನುತ್ತಾನೆ; ಕಿರಿಯನೊಬ್ಬನು ಹೋಗಿ ತರುತ್ತಾನೆ; ಜಗುಲಿಯ ಮೇಲಿನ ಶಿಶು ಇದನ್ನು ನೋಡುತ್ತದೆ; ಮರುದಿನ ‘ಹಸುವನ್ನು ಕಟ್ಟು’, ಅದರ ಮರುದಿನ ‘ಕುದುರೆಯನ್ನು ತಾ’ ಎಂಬ ಮಾತುಗಳನ್ನೂ ಅವುಗಳಿಂದಾದ ಕೆಲಸಗಳನ್ನೂ ಕಂಡು, ಯಾವ ಶಬ್ದಕ್ಕೆ ಯಾವ ಅರ್ಥವೆಂಬುದನ್ನು ತಾನೇ ಬಿಡಿಸಿಕೊಳ್ಳುತ್ತದೆ. ಮಾತಿನ ಅರ್ಥವು ಮಾಡಬೇಕಾದುದೊಂದರಲ್ಲಿ ಹೋಗಿ ನಿಲ್ಲುತ್ತದೆಂಬುದು ಅವರ ಹಟ. ಈ ಹುಡುಗಿಗೆ ‘ತುತ್ತು’ ಎಂಬ ಪದ ಬಂದದ್ದು ಅಜ್ಜಿಯ ಕೈಯಿಂದ ಬಾಯಿಗೆ. ‘ಚ್ಯೂ’ ಎಂಬುದಕ್ಕೆ ಮಾತ್ರ ವೃದ್ಧರೂ ಇಲ್ಲ, ವ್ಯವಹಾರವೂ ಇಲ್ಲ, ಬರಿಯ ಕಾಗದ.

ನೈಯಾಯಿಕರ ವಿಚಾರ ಇನ್ನೂ ಸೂಕ್ಷ್ಮವಾದುದು. ಪದಗಳಿಗೆ ಪರಸ್ಪರ ಆಕಾಂಕ್ಷೆಯಿರಬೇಕು, ಸನ್ನಿಧಿಯಿರಬೇಕು, ಯೋಗ್ಯತೆಯಿರಬೇಕು. ಇವುಗಳ ಜೊತೆಗೆ ಆಡಿದವನ ತಾತ್ಪರ್ಯವೂ ತಿಳಿಯಬೇಕು. ‘ಸೈಂಧವವನ್ನು ತಾ’ ಎಂದರೆ ಎಲೆಯ ಮುಂದೆ ಕುಳಿತವನಿಗೆ ಉಪ್ಪು, ಪ್ರಯಾಣಕ್ಕೆ ಹೊರಟವನಿಗೆ ಕುದುರೆ. ಉಣ್ಣುತ್ತಿರುವವನ ಮುಂದೆ ಕುದುರೆಯನ್ನು ತಂದು ನಿಲ್ಲಿಸಿದ ಸೇವಕನಿಗೆ ಕೋಶಜ್ಞಾನದಲ್ಲಿ ಕೊರತೆಯಿರಲಿಲ್ಲವೆಂಬುದನ್ನು ಗಮನಿಸಬೇಕು. ಇಂಥ ಕುದುರೆಯೊಂದು ನಮ್ಮ ಪಾಠದಲ್ಲಿಯೂ ಬಂತು. ‘ಬ್ರೇಕ್‌ಫಾಸ್ಟ್’ ಎಂಬುದನ್ನು ಒಡೆದು ತೋರಿಸಬೇಕೆಂದು ನಾನು ‘ಫಾಸ್ಟ್’ ಎಂದರೇನೆಂದು ಕೇಳಲು, ‘ಬೇಗ’ ಎಂದಳು. ಬೆಳಗ್ಗೆ ಸ್ಕೂಲಿಗೆ ಹೊತ್ತಾಗುತ್ತದೆಂದು ಬೇಗಬೇಗ ಮುರಿದು ತಿನ್ನುವುದರಿಂದ ಆ ಹೆಸರೆಂದು ವಿವರಣೆಯನ್ನೂ ಕೊಟ್ಟಳು. ಅದಕ್ಕೆ ಉಪವಾಸವೆಂಬ ಅರ್ಥವೂ ಉಂಟು, ರಾತ್ರಿಯ ಉಪವಾಸವನ್ನು ಮುರಿಯುವ ಊಟವದು, ನಮ್ಮವರ ಪಾರಣೆಯ ಹಾಗೆ ಎಂದಾಗ ಅವಳ ಕಣ್ಣು ಅರಳಿತು. ‘ಹಾಗಾದರೆ ಅಜ್ಜಿಯ ಶುಗರ್ ಟೆಸ್ಟಿನ ಫಾಸ್ಟಿಂಗ್ ಕೂಡ ಅದೇನಾ?’ ಎಂದು ತಾನೇ ಮುಂದಿನ ಮೆಟ್ಟಿಲನ್ನು ಹತ್ತಿದಳು.

ಅದೇ ಉತ್ಸಾಹದಲ್ಲಿ ನಾನು ‘ಚ್ಯೂ’ ಎಂದರೆ ಅಗಿಯುವುದೆಂದು ತಿಳಿಸಿ, ಅವಳು ಬರೆದ ಉತ್ತರವನ್ನು ಅವಳಿಗೇ ಕನ್ನಡದಲ್ಲಿ ಹೇಳಿದೆ. ಹುಬ್ಬು ಗಂಟಿಕ್ಕಿತು. ‘ಮುದ್ದೇನ ಅಗಿಯೋ ಹಾಗಿಲ್ಲವಲ್ಲ ತಾತ?’

ಆ ಮನೆಯ ಊಟವನ್ನು ನಾನು ಬಲ್ಲೆ. ಕುದಿಯುವ ನೀರಿಗೆ ರಾಗಿಯ ಹಿಟ್ಟನ್ನು ಸುರಿದು, ಬೇಯಿಸಿ, ಕೋಲಿನಿಂದ ಗಂಟಿಲ್ಲದಂತೆ ತೊಳಸಿ, ಒದ್ದೆಗೈಯಲ್ಲಿ ಉರುಟಾಗಿ ಕಟ್ಟಿ ತಟ್ಟೆಗಿಟ್ಟ ಮುದ್ದೆ, ಮಗ್ಗುಲಿಗೆ ಹುರುಳಿಯ ಬಸ್ಸಾರು. ಚಿಕ್ಕದೊಂದು ತುಂಡನ್ನು ಮುರಿದು, ಬೆರಳಲ್ಲಿ ನುಣ್ಣಗೆ ಉರುಳಿಸಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸೋಕಿಸದೆ ಗಂಟಲಿಗಿಳಿಸುವುದು. ಅಗಿಯಹೊರಟ ಪರಸ್ಥಳದ ನೆಂಟರು ಅಂಟಿಕೊಂಡ ಹಲ್ಲುಗಳೊಡನೆ ಹೋರಾಡುವುದನ್ನು ನೋಡಿ ಮನೆಯವರೆಲ್ಲ ನಗುವುದು. ‘ಅಗೀಬೇಡ, ನುಂಗು’ ಎಂಬುದು ಅಜ್ಜಿಯ ವಿಧಿವಾಕ್ಯ. ಪುಸ್ತಕದ ವಿಧಿವಾಕ್ಯ ಇದಕ್ಕೆ ನೇರ ವಿರುದ್ಧವಾದುದು. ವಾಕ್ಯವೊಂದು ಹೇಳುವುದಕ್ಕೂ ಲೋಕದಲ್ಲಿ ಕಂಡದ್ದಕ್ಕೂ ಹೊಂದಿಕೆಯಿದೆಯೆ ಎಂಬ ವಿಚಾರವನ್ನೇ ಅಲ್ಲವೆ ಶಾಸ್ತ್ರಕಾರರು ಯೋಗ್ಯತೆಯೆಂದದ್ದು? ಬೆಂಕಿಯಿಂದ ಗಿಡಕ್ಕೆ ನೀರುಣಿಸು ಎಂಬ ಮಾತನ್ನು ಕೇಳಿದವನು ಬೆಚ್ಚಿದನೆಂದರೆ ಅವನಿಗೆ ಭಾಷೆ ಬರುತ್ತದೆಂದು ಅರ್ಥ. ಹುಡುಗಿ ಬೆಚ್ಚಿದಳು. ಐದು ಪ್ರಶ್ನೆಗಳಲ್ಲಿ ಯಾವುದೂ ಕೇಳದಿದ್ದ ಈ ಆರನೆಯ ಪ್ರಶ್ನೆಯು ಅವಳ ಬಾಯಿಂದ ಹೊರಟ ಗಳಿಗೆಯಲ್ಲಿಯೇ ಆ ಖಂಡವು ಅವಳಿಗೆ ಅರ್ಥವಾದುದೆಂದು ನನ್ನ ನಂಬಿಕೆ.

ಓದಿಗೂ ಊಟಕ್ಕೂ ಇರುವ ನಂಟಿನ ವಿಷಯದಲ್ಲಿ ಛಾಂದೋಗ್ಯದ ಆರನೆಯ ಅಧ್ಯಾಯದ ಕಥೆಗಿಂತ ನಿಷ್ಠುರವಾದುದನ್ನು ನಾನು ಓದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದ ಶ್ವೇತಕೇತು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಮಸ್ತ ವೇದಗಳನ್ನೂ ಅವುಗಳೊಡನೆ ಒಂದಿಷ್ಟು ಗರ್ವವನ್ನೂ ಹೊತ್ತು ಮನೆಗೆ ಬರುತ್ತಾನೆ. ತಿಂದ ಅನ್ನದ ಸ್ಥೂಲಾಂಶ ಮಲವಾಗಿಯೂ ಮಧ್ಯಮಾಂಶ ಮಾಂಸವಾಗಿಯೂ ಅತಿಸೂಕ್ಷ್ಮವಾದ ಅಂಶ ಕಡೆದ ಮೊಸರಿನಿಂದ ಬೆಣ್ಣೆ ಮೇಲೇಳುವಂತೆ ಎದ್ದು ಮನಸ್ಸಾಗಿಯೂ ಪರಿಣಮಿಸುತ್ತದೆಂದು ತಂದೆಯಾದ ಉದ್ದಾಲಕನು ಬೋಧಿಸುತ್ತಾನೆ. ಬೋಧಿಸಿ ಅಲ್ಲಿಗೆ ಬಿಡುವುದಿಲ್ಲ. ಹದಿನೈದು ದಿನ ಉಣ್ಣಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಅನಂತರ ಮಗನನ್ನು ಕರೆದು ಋಕ್ಕು ಯಜುಸ್ಸು ಸಾಮಗಳನ್ನು ಹೇಳೆಂದರೆ, ಹನ್ನೆರಡು ವರ್ಷ ಕಲಿತವನಿಗೆ ಒಂದೂ ತೋಚುವುದಿಲ್ಲ. ಮಹಾಗ್ನಿಯಲ್ಲಿ ಮಿಣುಕುಹುಳುವಿನಷ್ಟು ಕೆಂಡ ಉಳಿದಂತಾಗಿದೆ ನಿನ್ನ ಸ್ಥಿತಿ, ಹೋಗಿ ಉಂಡು ಬಾ ಎಂದು ಕಳಿಸುತ್ತಾನೆ ತಂದೆ. ಉಂಡು ಬಂದವನಿಗೆ ಎಲ್ಲವೂ ಹೊಳೆಯುತ್ತದೆ. ಅನ್ನವನ್ನು ಕುರಿತ ಪಾಠದ ಕೆಳಗೆ ಪ್ರಶ್ನೆಗಳನ್ನು ಮುದ್ರಿಸದೆ ಹೊಟ್ಟೆಯಲ್ಲಿಯೇ ಪ್ರಶ್ನೆಯನ್ನಿಟ್ಟ ಉಪಾಧ್ಯಾಯನೀತ.

ಸರ್ವೋಚ್ಚ ನ್ಯಾಯಾಲಯವು 28-11-2001ರಂದು ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟವನ್ನೇ ಕೊಡಬೇಕೆಂದು ಆಜ್ಞಾಪಿಸುವಾಗ ಅದರ ಮುಂದೆ ಉದ್ದಾಲಕನಿದ್ದನೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಆ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟವರಾರೋ, ಶರಣರ ದಾಸೋಹವನ್ನೂ ಅಕ್ಷರವನ್ನೂ ಒಂದೇ ಎಲೆಯಲ್ಲಿ ಬಡಿಸಿದ ಅವರ ಕೈಗೆ ಶರಣು. ಈ ಹುಡುಗಿ ಮಧ್ಯಾಹ್ನ ಉಣ್ಣುವುದು ಅಲ್ಲಿಯೇ.

ಇಷ್ಟೆಲ್ಲ ಬರೆದ ನನ್ನ ಯೋಗ್ಯತೆಯನ್ನೂ ಹೇಳಿಬಿಡಬೇಕು. ಸಕ್ಕರೆಯ ಕಾಯಿಲೆಯವರು ವರ್ಜಿಸಬೇಕಾದ ಪದಾರ್ಥಗಳನ್ನು ಕುರಿತ ಇಂಗ್ಲಿಷ್ ಕರಪತ್ರವೊಂದು ಒಂಬತ್ತು ವರ್ಷಗಳಿಂದ ನನ್ನ ಮೇಜಿನ ಗಾಜಿನ ಕೆಳಗಿದೆ. ಅದರ ಮೇಲೆ ಯಾವ ಪ್ರಶ್ನೆ ಕೇಳಿದರೂ ನಾನು ಪೂರ್ಣಾಂಕವನ್ನು ಪಡೆಯಬಲ್ಲೆ. ಕಳೆದ ಯುಗಾದಿಯಂದು ಅದೇ ಮೇಜಿನ ಮೇಲೆ ನಾಲ್ಕು ಒಬ್ಬಟ್ಟುಗಳನ್ನು ತುಪ್ಪದೊಡನೆ ತಿಂದೆ. ರೋಗದ ಮೂಲವನ್ನು ಹುಡುಕಿದ ಚರಕಸಂಹಿತೆಯು ಇದಕ್ಕೆ ಪ್ರಜ್ಞಾಪರಾಧವೆಂಬ ಹೆಸರನ್ನು ಕೊಟ್ಟಿದೆ: ಧೀ, ಧೃತಿ, ಸ್ಮೃತಿ ಈ ಮೂರರಲ್ಲೊಂದು ಜಾರಿದಾಗ ಮನುಷ್ಯನು ಮಾಡುವ ಅಶುಭಕರ್ಮವದು. ಗದ್ಯಖಂಡದ ಪರೀಕ್ಷೆಯು ಧೀಯನ್ನು ಅಳೆಯುತ್ತದೆ, ತಕ್ಕಮಟ್ಟಿಗೆ ಸ್ಮೃತಿಯನ್ನೂ ಅಳೆಯಬಹುದು. ಧೃತಿಗೆ ಅದರಲ್ಲಿ ಅಂಕವಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ನಮ್ಮ ಹಳ್ಳಿಯವರು ಊಟಕ್ಕೂ ಮಾತಿಗೂ ‘ಬಲ್ಲ’ ಎಂಬ ಒಂದೇ ಕ್ರಿಯಾಪದವನ್ನು ಬಳಸಿದ್ದಾರಷ್ಟೆ. ಈಜು ಬಲ್ಲವನು ಈಜನ್ನು ಕುರಿತ ಉತ್ತರ ಬರೆಯುವವನಲ್ಲ, ನೀರಿನ ಮೇಲೆ ಇರುವವನು. ಕರಪತ್ರದ ಭಾಷೆಯನ್ನು ಬಲ್ಲ ನಾನು ಊಟವನ್ನು ಬಲ್ಲವನಲ್ಲ. ಅಕ್ಷರವೊಂದನ್ನೂ ಅರಿಯದ ಆ ಹುಡುಗಿಯ ಅಜ್ಜಿ ಶ್ರಾವಣ ಶನಿವಾರದ ಒಪ್ಪತ್ತನ್ನು ಒಮ್ಮೆಯೂ ಮುರಿದವಳಲ್ಲ.

ಹಾಗೆಂದು ಅಂದಿನಿಂದ ಆ ಹುಡುಗಿಯ ನಕಲು ಬರವಣಿಗೆಯನ್ನು ನಾನು ಮೊದಲಿನಂತೆ ಹೀಗಳೆಯುತ್ತಿಲ್ಲ. ಅರ್ಥವಿಲ್ಲದೆ ಕಲಿಯುವುದನ್ನು ಅಗಿಯದೆ ನುಂಗುವುದೆಂದು ನಾವು ಉಪಾಧ್ಯಾಯರು ಬೈಯುತ್ತ ಬಂದಿದ್ದೇವೆ. ಆದರೆ ಮುದ್ದೆಯನ್ನು ನುಂಗುವವರಿಗೆ ಅಜೀರ್ಣವೇನೂ ಇಲ್ಲ. ಬೀಸುವಲ್ಲಿ, ಬೇಯಿಸುವಲ್ಲಿ, ತೊಳಸುವಲ್ಲಿ ಬೇರೆಯವರ ತೋಳು ಆ ಕೆಲಸವನ್ನು ಮೊದಲೇ ಮುಗಿಸಿರುತ್ತದೆ, ಮತ್ತು ನುಂಗಿದ್ದು ನೇಗಿಲ ಹಿಂದೆ ನಡೆಯುವವನ ಹೊಟ್ಟೆಯಲ್ಲಿ ಇಳಿಹೊತ್ತಿನವರೆಗೂ ನಿಧಾನವಾಗಿ ಕರಗುತ್ತ ಅವನನ್ನು ನಡೆಸುತ್ತದೆ. ಶ್ವೇತಕೇತು ಹನ್ನೆರಡು ವರ್ಷ ನುಂಗಿದ್ದೂ ಹೀಗೆಯೇ. ಉಂಡ ಮೇಲೆ ಹೊಳೆಯುವುದಕ್ಕೆ ಒಳಗೆ ಏನಾದರೊಂದು ಇರಬೇಕಲ್ಲ. ಯಾವ ತುತ್ತನ್ನು ಅಗಿಯಬೇಕು, ಯಾವುದನ್ನು ನುಂಗಬೇಕೆಂಬ ವಿವೇಕವನ್ನು ಹೇಳಿಕೊಡುವ ವ್ಯಾಕರಣ ನನ್ನಲ್ಲಿಲ್ಲ. ಅವಳಿಗೆ ಅಂದು, ಮುದ್ದೆಯನ್ನು ಬೇಯಿಸಿಯೇ ಮೆತ್ತಗೆ ಮಾಡಿರುತ್ತಾರೆ, ಪುಸ್ತಕದ ಮಾತು ರೊಟ್ಟಿ ಕಾಳು ತರಕಾರಿಗಳಿಗೆ ಇಟ್ಟುಕೋ ಎಂದು ಏನೋ ಒಂದು ಸಮಾಧಾನ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ.

ಐದನೆಯ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಅಜ್ಜಿಯ ಕೂಗಿಗೆ ಓಡಿಹೋದಳು. ಎರಡು ದಿನದ ಮೇಲೆ ಪುಸ್ತಕ ತಿದ್ದಿಸಿಕೊಂಡು ಬಂದಾಗ ನೋಡುತ್ತೇನೆ: ಶೀರ್ಷಿಕೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ‘ದ’ಕಾರಕ್ಕೆ ಬೇಡದ ಒತ್ತೊಂದನ್ನು ಸೇರಿಸಿ, ‘ಮುದ್ಧೆ’ ಎಂದು ಬರೆದಿದ್ದಾಳೆ. ಅವಳ ಉಪಾಧ್ಯಾಯಿನಿ ಅದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಗುಡ್ ಈಟಿಂಗ್ ಹ್ಯಾಬಿಟ್ಸ್’ ಎಂದು ಬರೆದು, ಅಂಚಿನಲ್ಲಿ ಅರ್ಧ ಅಂಕವನ್ನು ಕೊಟ್ಟಿದ್ದಾರೆ. ಕಾಗುಣಿತ ತಪ್ಪಿದ್ದಕ್ಕೆ ಕಳೆದ ಅರ್ಧವೋ, ಉತ್ತರ ಸರಿಯಿದ್ದದ್ದಕ್ಕೆ ಕೊಟ್ಟ ಅರ್ಧವೋ ತಿಳಿಯದೆ ನಾವಿಬ್ಬರೂ ಆ ಪುಟವನ್ನು ದೀಪಕ್ಕೆ ಹಿಡಿದು ಸ್ವಲ್ಪ ಹೊತ್ತು ನೋಡಿದೆವು.