ಕಣಕ ಯಾರದು, ಹೂರಣ ಯಾರದು?

ನಮ್ಮ ಅತ್ತೆಯ ಮನೆಯಲ್ಲಿ ಯುಗಾದಿಯ ದಿನ ಹೋಳಿಗೆ ಮಾಡಲು ಮೂವರು ಕೂರುತ್ತಿದ್ದೆವು. ಕಣಕ ನಾದುವುದು ವಾರಗಿತ್ತಿ, ಬೇಳೆ ಬೇಯಿಸಿ ಹೂರಣ ರುಬ್ಬುವುದು ನಾನು, ತಟ್ಟಿ ಬೇಯಿಸುವುದು ಅತ್ತೆ. ಬಡಿಸುವುದಕ್ಕೆ ಮಾತ್ರ ನಾದಿನಿ ಬರುತ್ತಿದ್ದಳು. ಪಂಕ್ತಿಯಲ್ಲಿ ಕುಳಿತವರು ತುಪ್ಪ ಹಾಕಿಸಿಕೊಳ್ಳುತ್ತ, "ಹೋಳಿಗೆ ಬಹಳ ಮೆತ್ತಗಾಗಿದೆಯಮ್ಮ" ಎಂದು ಹೇಳುತ್ತಿದ್ದುದು ಅವಳಿಗೆ. ಅವಳೂ "ಇನ್ನೊಂದು ಹಾಕಿಸಿಕೊಳ್ಳಿ" ಎನ್ನುತ್ತ ಆ ಹೊಗಳಿಕೆಯನ್ನು ಸೆರಗಿಗೆ ಕಟ್ಟಿಕೊಂಡು ಮುಂದಿನ ಎಲೆಗೆ ಹೋಗುತ್ತಿದ್ದಳು. ಒಳಗೆ ಒಲೆಯ ಮುಂದೆ ಕೂತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದೆವು. ನಗುತ್ತಿದ್ದೆವು ಎನ್ನುವುದು ಅರ್ಧ ನಿಜ. ಇನ್ನರ್ಧ ನಿಜ ಏನೆಂದು, ಅಡುಗೆಮನೆಯಲ್ಲಿ ಹೊಗೆ ಕುಡಿದ ಯಾರಿಗಾದರೂ ಗೊತ್ತಿರುತ್ತದೆ.

ಈ ಹೋಳಿಗೆಯ ನೆನಪು ಎಷ್ಟೋ ವರ್ಷಗಳ ಮೇಲೆ ನನ್ನನ್ನು ಬೇರೊಂದು ಕಡೆ ಚುಚ್ಚಿತು. ಅಷ್ಟು ಹೊತ್ತಿಗೆ ಸೌಟು ಹಿಡಿದು ಪಂಕ್ತಿಯ ನಡುವೆ ನಿಂತವಳು ನಾನೇ ಆಗಿದ್ದೆ.

ನಮ್ಮದು ಸಾಗರದ ಕಡೆಯ ಶಾಲೆ. ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ಇರುವುದರಿಂದ ನಮ್ಮ ಸೀಮೆಯಲ್ಲಿ ನಾಟಕವೆಂದರೆ ಮಕ್ಕಳಿಗೂ ಹೊಸತಲ್ಲ, ಅವರ ತಾಯಂದಿರಿಗೂ ಹೊಸತಲ್ಲ. ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. 2014ರ ಮಳೆಗಾಲದಲ್ಲಿ ಮಕ್ಕಳಿಗಾಗಿ ಒಂದು ಕಥೆ ಬರೆದೆ. ಹೆಸರು 'ಗೊರಬಜ್ಜಿ'. ಗೊರಬು ಎಂದರೆ ಬಿದಿರಿನ ಕಡ್ಡಿ ಮತ್ತು ಎಲೆಗಳಿಂದ ಹೆಣೆದ ಮಳೆಯ ಮರೆ. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವ ಹೆಂಗಸರು ಅದನ್ನು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಿದ್ದರು. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ನನ್ನ ಕಥೆಯ ಅಜ್ಜಿ ಮಳೆಯಲ್ಲಿ ಸಿಕ್ಕ ಕೋಳಿ, ಕರು, ನಾಯಿಮರಿ ಎಲ್ಲಕ್ಕೂ ತನ್ನ ಗೊರಬನ್ನು ಕೊಟ್ಟು ತಾನು ನೆನೆಯುತ್ತಾಳೆ. ಕೊನೆಗೆ ಹೊಳೆ ಏರಿ ದಿಬ್ಬದ ಮೇಲೆ ನಾಯಿಮರಿ ಸಿಕ್ಕಿಹಾಕಿಕೊಂಡಾಗ ಊರಿನವರೆಲ್ಲ ಬಂದು ಅದನ್ನು ಉಳಿಸಿ ಅಜ್ಜಿಯ ಗುಣವನ್ನು ಕೊಂಡಾಡುತ್ತಾರೆ. ಪರೋಪಕಾರದ ನೀತಿ, ಪಠ್ಯಪುಸ್ತಕದ ಕೊನೆಯ ಸಾಲಿನಂಥ ಮುಕ್ತಾಯ. ಇಪ್ಪತ್ತು ವರ್ಷ ಪಾಠ ಮಾಡಿದವಳ ಕೈ, ಇನ್ನೇನು ಬರೆದೀತು?

ನಮ್ಮ ಶಾಲೆಯ ಡ್ರಾಯಿಂಗ್ ಟೀಚರ್ ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು "ಅಕ್ಕಾ" ಎಂದು ಕರೆಯುತ್ತಾಳೆ. ಕಥೆ ಓದಿ, "ಚಿತ್ರ ಬರೀತೀನಿ ಅಕ್ಕಾ, ಪುಸ್ತಕ ಮಾಡೋಣ" ಎಂದಳು. ಪ್ರೆಸ್ಸಿನವರು ಹದಿನಾರು ಪುಟಕ್ಕೆ ಮಾಡಿಕೊಳ್ಳಿ, ದೊಡ್ಡ ಹಾಳೆಯನ್ನು ಮಡಚಿದರೆ ಸರಿಯಾಗಿ ಬರುತ್ತದೆ, ಕಾಗದ ದಂಡವಾಗುವುದಿಲ್ಲ ಎಂದರು. ಹಾಗಾಗಿ ನನ್ನ ಮಾತುಗಳನ್ನು ಕತ್ತರಿಸಬೇಕಾಯಿತು. ಅಜ್ಜಿ ತೊಯ್ದು ತೊಪ್ಪೆಯಾದಳು, ಅವಳ ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು ಎಂದು ನಾನು ಐದು ಸಾಲು ಬರೆದಿದ್ದೆ. ಅವಳು ಪೆನ್ಸಿಲ್ಲಿನಿಂದ ಅಡ್ಡ ಗೆರೆ ಎಳೆದು, "ಇದು ಚಿತ್ರದಲ್ಲಿ ಕಾಣುತ್ತಲ್ಲ ಅಕ್ಕಾ, ಮತ್ತೆ ಹೇಳೋದ್ಯಾಕೆ?" ಎಂದಳು. ಮಕ್ಕಳ ಪುಸ್ತಕದ ಮೊದಲ ಪಾಠ ನನಗೆ ಅಲ್ಲಿ ಆಯಿತು. ಚಿತ್ರ ಹೇಳಿದ್ದನ್ನು ಮಾತು ಹೇಳಬಾರದು, ಮಾತು ಹೇಳಿದ್ದನ್ನು ಚಿತ್ರ ಹೇಳಬಾರದು.

ಇನ್ನೊಂದು ದಿನ ಅವಳು ತಂದ ಕರಡು ಚಿತ್ರದಲ್ಲಿ ಗೊರಬು ಅಂಗಾತ ಬಿದ್ದಿತ್ತು. ನೀರಿನ ಮೇಲೆ. ಅದರೊಳಗೆ ನಾಯಿಮರಿ ಕಿವಿ ನಿಮಿರಿಸಿ ಕೂತಿತ್ತು.

"ಇದೇನೇ, ಗೊರಬು ತಲೆಕೆಳಗಾಗಿದೆ?" ಎಂದೆ.

"ತಿರುಗಿಸಿಟ್ಟರೆ ಅದು ದೋಣಿ ಥರಾನೇ ಅಲ್ವಾ ಅಕ್ಕಾ? ಚಿಕ್ಕವರಿದ್ದಾಗ ನಾವು ತಮ್ಮನನ್ನು ಅದರಲ್ಲಿ ಕೂರಿಸಿ ಅಂಗಳದಲ್ಲಿ ಎಳೀತಿದ್ವಿ. ಅಮ್ಮನ ಹತ್ತಿರ ಬೈಸಿಕೊಳ್ತಿದ್ವಿ."

ಆ ರಾತ್ರಿ ಜೋರು ಮಳೆ, ಕರೆಂಟಿರಲಿಲ್ಲ. ಮೇಣದ ಬತ್ತಿ ಹಚ್ಚಿಕೊಂಡು ಕಥೆಯ ಉತ್ತರಾರ್ಧವನ್ನೆಲ್ಲ ಹೊಸದಾಗಿ ಬರೆದೆ. ಊರಿನವರು ಹೋದರು, ಕೊಂಡಾಟ ಹೋಯಿತು. ಅಜ್ಜಿ ತನ್ನ ಗೊರಬನ್ನು ತಿರುಗಿಸಿ ನೀರಿಗೆ ಬಿಟ್ಟು ಮರಿಯನ್ನು ದಾಟಿಸುತ್ತಾಳೆ. ಕೊಟ್ಟು ಬರಿಗೈಯಾಗುವ ಅಜ್ಜಿಯ ಬದಲು, ಇರುವುದನ್ನೇ ತಿರುಗಿಸಿ ನೋಡಬಲ್ಲ ಅಜ್ಜಿ ಬಂದಳು. ಕಥೆಗೆ ಜೀವ ಬಂದದ್ದು ಅಲ್ಲಿ.

ಪುಸ್ತಕ ಐನೂರು ಪ್ರತಿ ಅಚ್ಚಾಯಿತು. ಖರ್ಚು ಇಬ್ಬರದೂ. ಪ್ರೆಸ್ಸಿನ ಹುಡುಗ "ಲೇಖಕರ ಹೆಸರು?" ಎಂದು ಕೇಳಿದಾಗ ನನ್ನ ಹೆಸರು ಹೇಳಿದೆ. ಮುಖಪುಟದಲ್ಲಿ ಅದೊಂದೇ ಬಂತು. ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಚಿತ್ರಗಳು ಯಾರವೆಂದು ಇತ್ತು. ಮುನ್ನುಡಿಯ ಕೊನೆಗೆ 'ಸಹಕರಿಸಿದ ಸಹೋದ್ಯೋಗಿ ಗೆಳತಿಗೆ ವಂದನೆಗಳು' ಎಂದು ಬರೆದಿದ್ದೆ. ಬರೆದಾಗ ನನ್ನ ದೊಡ್ಡ ಮನಸ್ಸಿಗೆ ನಾನೇ ಮೆಚ್ಚಿಕೊಂಡಿದ್ದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

2015ರ ಜನವರಿಯ ವಾರ್ಷಿಕೋತ್ಸವಕ್ಕೆ ಅದೇ ಕಥೆಯನ್ನು ಹಾಡುಗಳ ನಾಟಕ ಮಾಡಿದೆವು. ಮಳೆಯ ಹಾಡನ್ನು ನಾನು ಎಂಟು ನುಡಿ ಬರೆದೆ. ತಾಲೀಮಿನ ಮೂರನೆಯ ದಿನ ಅವಳು ಎರಡೇ ನುಡಿ ಉಳಿಸಿದಳು. ನನಗೆ ಸಿಟ್ಟು ಬಂತು. "ಕುಣೀತಾ ಹಾಡಿದರೆ ಮಕ್ಕಳಿಗೆ ಉಸಿರು ಸಾಲೋದಿಲ್ಲ ಅಕ್ಕಾ, ನೀವೇ ನೋಡಿ" ಎಂದಳು. ನೋಡಿದೆ. ಕೋಳಿಯ ಪಾತ್ರದ ಹುಡುಗಿ ಮೂರನೆಯ ನುಡಿಗೆ ಬಾಯಿ ಮಾತ್ರ ಆಡಿಸುತ್ತಿದ್ದಳು. ಕಡೆಗೆ ಯಕ್ಷಗಾನದ ಹಿಮ್ಮೇಳದ ಹಾಗೆ ಹಾಡುವ ಮಕ್ಕಳನ್ನು ಹಾರ್ಮೋನಿಯಂ ಸುತ್ತ ಬದಿಗೆ ಕೂರಿಸಿ, ಕುಣಿಯುವ ಮಕ್ಕಳನ್ನು ಮುಂದೆ ಬಿಟ್ಟೆವು. ಟೀಚರುಗಳ ನೀಲಿ ಸೀರೆಗಳನ್ನು ಜೋಡಿಸಿ ಹುಡುಗಿಯರು ಅತ್ತಿತ್ತ ಅಲುಗಿಸಿದರೆ ಹೊಳೆ. ಬಿದಿರು ಮತ್ತು ಹಳೆಯ ಪೇಪರಿನಿಂದ ಅವಳು ಮಾಡಿದ ದೊಡ್ಡ ಗೊರಬು ಆ ನೀಲಿಯ ಮೇಲೆ ಅಂಗಾತವಾಗಿ ಸರಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು.

ಅದಾದ ತಿಂಗಳಿಗೆ ಊರಿನ ಹೆಂಗಸರು ಸೇರಿ ನನಗೆ ಶಾಲು ಹೊದಿಸಿದರು. ಯಾರೋ ಕೇಳಿದರು, "ಗೊರಬು ದೋಣಿಯಾಗುವ ಕಲ್ಪನೆ ನಿಮಗೆ ಹೇಗೆ ಬಂತು?" ನಾನು ಒಂದು ಕ್ಷಣವೂ ತಡೆಯದೆ ಹೇಳಿದೆ: "ಒಂದು ಮಳೆಯ ರಾತ್ರಿ, ಮೇಣದ ಬತ್ತಿಯ ಬೆಳಕಿನಲ್ಲಿ, ಇದ್ದಕ್ಕಿದ್ದಂತೆ ಹೊಳೆಯಿತು." ಅವಳು ಮೂರನೆಯ ಸಾಲಿನಲ್ಲಿ ಕೂತಿದ್ದಳು.

ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಮಳೆ ನಿಜ, ಮೇಣದ ಬತ್ತಿ ನಿಜ, ನಿದ್ದೆಗೆಟ್ಟದ್ದು ನಿಜ. ಇಷ್ಟೆಲ್ಲ ನಿಜಗಳ ನಡುವೆ ಒಂದು ಸುಳ್ಳು ಸುಖವಾಗಿ ಕೂತುಬಿಟ್ಟಿತ್ತು.

ಅವಳು ಮಾತು ಬಿಡಲಿಲ್ಲ. "ಅಕ್ಕಾ" ಎನ್ನುವುದನ್ನೂ ಬಿಡಲಿಲ್ಲ. ಆದರೆ ಹೊಸ ಚಿತ್ರ ಬರೆದರೆ ಮೊದಲು ನನ್ನ ಬಳಿ ತರುತ್ತಿದ್ದವಳು ತರುವುದನ್ನು ನಿಲ್ಲಿಸಿದಳು. ಬೇಸಿಗೆ ರಜೆಯಲ್ಲಿ ಬೀರು ಚೊಕ್ಕಟ ಮಾಡುವಾಗ ಕಥೆಯ ಹಳೆಯ ಹಾಳೆ ಸಿಕ್ಕಿತು. ಒಂದು ಮಗ್ಗುಲಲ್ಲಿ ನನ್ನ ಅಕ್ಷರದಲ್ಲಿ, ಊರಿನವರು ಅಜ್ಜಿಯನ್ನು ಕೊಂಡಾಡುವ ಆ ಹಳೆಯ ಮುಕ್ತಾಯ. ತಿರುಗಿಸಿದರೆ ಅವಳ ಪೆನ್ಸಿಲ್ಲಿನ ದೋಣಿ. ಆ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತೆ.

ನನ್ನ ಮೈದುನ ವಕೀಲ. ಯಾರದೋ ಕಥೆ ಎಂಬಂತೆ ಅವನ ಬಳಿ ವಿಚಾರಿಸಿದೆ. ಅವನು 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಬಿಡಿಸಿ ಹೇಳಿದ. ಇಬ್ಬರ ಪಾಲು ಬೇರೆ ಬೇರೆಯಾಗಿ ತೋರದಂತೆ ಬೆರೆತಿದ್ದರೆ ಮಾತ್ರ ಅದು ಜಂಟಿ ಕೃತಿ. ಬರಹ ಸಾಹಿತ್ಯ, ಬರೆದವರದು. ಚಿತ್ರ ಕಲಾಕೃತಿ, ಬರೆದವರದು. ರಾಗ ಹಾಕಿದ್ದರೆ ಅದು ಮತ್ತೊಂದು. "ಹೊಳಹು ಕೊಟ್ಟವರಿಗೆ?" ಎಂದೆ. "ಬರೀ ಹೊಳಹಿಗೆ ಸ್ವಾಮ್ಯವಿಲ್ಲ ಅತ್ತಿಗೆ" ಎಂದ. ತನ್ನ ನಾಟಕದ ವಸ್ತುವನ್ನು ಸಿನಿಮಾದವರು ತೆಗೆದುಕೊಂಡರೆಂದು ಆರ್.ಜಿ. ಆನಂದ್ ಎಂಬ ನಾಟಕಕಾರರು ಹೂಡಿದ್ದ ದಾವೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತಂತೆ. ಕಲ್ಪನೆ, ವಸ್ತು ಯಾರ ಸ್ವತ್ತೂ ಅಲ್ಲ, ಅದಕ್ಕೆ ಕೊಟ್ಟ ರೂಪಕ್ಕೆ ಮಾತ್ರ ರಕ್ಷಣೆ ಎಂದು.

ಅಂದರೆ ಅವಳು ಬರೆದ ದೋಣಿಯ ಚಿತ್ರ ಅವಳದು, ಆದರೆ ಗೊರಬು ದೋಣಿಯಾಗಬಹುದು ಎಂಬ ಆ ಹೊಳಹು ಕಾಯಿದೆಯ ಕಣ್ಣಿನಲ್ಲಿ ಯಾರದೂ ಅಲ್ಲ! ಅದರ ಮೇಲೆ ಕಥೆ ಕಟ್ಟಿದ ನಾನು ಗೆದ್ದಿದ್ದೆ. ಗೆದ್ದವಳಿಗೆ ಅಂದು ಊಟ ಸೇರಲಿಲ್ಲ. ಕಾಯಿದೆ ತಪ್ಪೆಂದು ನಾನು ಹೇಳುವುದಿಲ್ಲ. ಹೊಳಹುಗಳಿಗೆಲ್ಲ ಬೇಲಿ ಹಾಕುತ್ತ ಹೋದರೆ ಯಾರೂ ಒಂದು ಜೋಗುಳ ಕೂಡ ಕಟ್ಟಲಾರರು. ಆದರೆ ನ್ಯಾಯಾಲಯ ಕೇಳುವ ಪ್ರಶ್ನೆ, ಯಾವುದನ್ನು ತೆಗೆದುಕೊಂಡರೆ ಶಿಕ್ಷೆಯಿಲ್ಲ ಎಂಬುದು. ಮನಸ್ಸು ಕೇಳುವುದು, ಯಾವುದು ನನ್ನದಲ್ಲ ಎಂದು. ಎರಡಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ಬೇರ್ಪಡಿಸುವ ಮಾತು ಬಂದಾಗ ನನಗೆ ನೆನಪಾಗುವುದು 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 1978ರಲ್ಲಿ ಬಂದ ಧ್ವನಿಸುರುಳಿ. ಅದರ ಶೀರ್ಷಿಕೆ ಗೀತೆಯನ್ನು ರಾಗವಿಲ್ಲದೆ ಮನಸ್ಸಿನಲ್ಲೇ ಒಮ್ಮೆ ಓದಿ ನೋಡಿ. ನನಗಂತೂ ಆಗುವುದಿಲ್ಲ, ಎರಡನೆಯ ಸಾಲಿಗೆ ರಾಗ ತಾನಾಗಿ ಬಂದು ಕೂಡುತ್ತದೆ. ಬೆಂದ ಮೇಲೆ ಕಣಕದಿಂದ ಹೂರಣವನ್ನು ಬಿಡಿಸುವವರುಂಟೆ? ಹಾಗೆಂದೇ ಇರಬೇಕು, ಆಕಾಶವಾಣಿಯವರು ಹಾಡಿಗೆ ಮುಂಚೆ ಸಾಹಿತ್ಯ ಯಾರದು, ಸಂಗೀತ ಯಾರದು ಎಂದು ಹೇಳಿಯೇ ಹಾಡು ಹಾಕುತ್ತಿದ್ದುದು. ಕೇಳುವವರು ಬೇರ್ಪಡಿಸಲಾರರು. ಆದ್ದರಿಂದ ಹೇಳುವವರು ಹೇಳಬೇಕು.

ಹಾಗಿದ್ದರೆ ನನ್ನಂಥ, ಮಕ್ಕಳಿಗೆ ಸತ್ಯ ನುಡಿಯಲು ಕಲಿಸುವವಳೇ ಯಾಕೆ ಹೇಳಲಿಲ್ಲ? ಯೋಚಿಸಿದಷ್ಟೂ ಒಂದೇ ಉತ್ತರ ಸಿಗುತ್ತದೆ. ನನ್ನ ದುಡಿಮೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಕಂಡಿದ್ದೆ. ಹೊಡೆದುಹಾಕಿದ ಸಾಲುಗಳು, ಕರಗಿದ ಮೇಣ, ಬೆಳಗಿನ ತಲೆನೋವು ಎಲ್ಲ ನನ್ನ ಲೆಕ್ಕದಲ್ಲಿತ್ತು. ಅವಳ ದುಡಿಮೆಯಲ್ಲಿ ನಾನು ಕಂಡದ್ದು ಮುಗಿದ ಚಿತ್ರವನ್ನು ಮಾತ್ರ. ಅವಳು ಎಷ್ಟು ಹಾಳೆ ಹರಿದಳೋ, ಮಗುವನ್ನು ಮಲಗಿಸಿ ಎಷ್ಟು ಹೊತ್ತಿಗೆ ಬಣ್ಣ ಕಲೆಸಿದಳೋ ನಾನು ಕಂಡಿಲ್ಲ. ಇಬ್ಬರು ಕೂಡಿ ಮಾಡಿದ ಕೆಲಸದಲ್ಲಿ ಪ್ರತಿಯೊಬ್ಬರಿಗೂ ತಮ್ಮ ಪಾಲು ದೊಡ್ಡದಾಗಿ ಕಾಣುವುದು ದುಷ್ಟತನದಿಂದಲ್ಲ, ಕಣ್ಣು ಇರುವ ಜಾಗದಿಂದ. ಅಲ್ಲಿಗೆ ಬಿಟ್ಟರೆ ಅದು ಸಹಜ. ಗೊತ್ತಾದ ಮೇಲೂ ಲೆಕ್ಕ ತಿದ್ದದಿದ್ದರೆ ಅದು ತಪ್ಪು.

ಈ ಮಾತು ಹೊಳೆದಾಗ ನಾದಿನಿಯ ನೆನಪೂ ಬಂತು. ಯುಗಾದಿಯ ಬೆಳಿಗ್ಗೆ ಬಾವಿಯಿಂದ ಅಷ್ಟೂ ಕೊಡ ನೀರು ಸೇದುತ್ತಿದ್ದವಳು, ಬಾಳೆಯೆಲೆ ಕೊಯ್ದು ಒರೆಸುತ್ತಿದ್ದವಳು, ಪಂಕ್ತಿ ಎದ್ದ ಮೇಲೆ ಗೋಮಯ ಹಚ್ಚುತ್ತಿದ್ದವಳು ಅವಳೇ. ಒಲೆಯ ಮುಂದೆ ಕೂತವಳಿಗೆ ಅದು ಕಂಡಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಆ ಹಾಳೆಯನ್ನು ಹಿಡಿದುಕೊಂಡು ಅವಳ ಮನೆಗೆ ಹೋದೆ. ಅವಳು ಹಲಸಿನ ಹಪ್ಪಳ ಒತ್ತುತ್ತಿದ್ದಳು. ನಾನೂ ಎದುರು ಕೂತು ಒಂದೆರಡು ಒತ್ತಿದೆ. ಆಮೇಲೆ, "ಮುಖಪುಟದಲ್ಲಿ ನಿನ್ನ ಹೆಸರು ಹಾಕಬೇಕಿತ್ತು ಕಣೇ, ನನ್ನದು ತಪ್ಪಾಯಿತು" ಎಂದೆ.

ಅವಳು ತಲೆ ಎತ್ತದೆ ಹೇಳಿದಳು: "ಹೆಸರಿಗೆ ಬೇಜಾರಾಗಲಿಲ್ಲ ಅಕ್ಕಾ. ಅವತ್ತು ಎಲ್ಲರೆದುರು 'ನನಗೆ ಹೊಳೆಯಿತು' ಅಂದ್ರಲ್ಲ, ಅದಕ್ಕೆ ಆಯಿತು. ನನ್ನ ತಮ್ಮನನ್ನು ಕೂರಿಸಿ ಎಳೆದ ಗೊರಬು ಅದು."

ನಾನು ಹೆಸರನ್ನು ಕೊಡಲು ಹೋಗಿದ್ದೆ, ಏನೋ ದಾನ ಕೊಡುವವಳ ಹಾಗೆ. ತೆಗೆದುಕೊಂಡದ್ದು ಅವಳ ಅಂಗಳವನ್ನು, ಅವಳ ಬಾಲ್ಯವನ್ನು ಎಂದು ತಿಳಿದೇ ಇರಲಿಲ್ಲ. ವಂದನೆ ಬೇರೆ, ಸಲ್ಲಬೇಕಾದದ್ದು ಬೇರೆ. ವಂದನೆ ಹೇಳುವಾಗ ಎಷ್ಟು ಹೇಳಬೇಕೆಂದು ನಿರ್ಧರಿಸುವವಳು ನಾನು, ಅದರಲ್ಲಿ ನನ್ನ ದೊಡ್ಡತನ ಉಳಿಯುತ್ತದೆ. ಸಲ್ಲಬೇಕಾದದ್ದನ್ನು ಸಲ್ಲಿಸುವಾಗ ನಾನು ಬರೀ ಸಾಲಗಾರ್ತಿ. 'ಸಹಕಾರ' ಎಂಬ ಸಭ್ಯ ಶಬ್ದದ ಕೆಳಗೆ ನಾವು ಎಷ್ಟು ಜನರ ದುಡಿಮೆಯನ್ನು ಮುಚ್ಚಿಟ್ಟಿದ್ದೇವೆ!

ಆ ವರ್ಷದ ಆಗಸ್ಟ್ 15ರ ಸಭೆಯಲ್ಲಿ ಮಕ್ಕಳೆದುರು, ಟೀಚರುಗಳೆದುರು, ದೋಣಿಯ ಹೊಳಹು ಯಾರದೆಂದು ಹೇಳಿದೆ. ಗಂಟಲು ಒಣಗಿತು. ಮಕ್ಕಳಿಗೆ ಅದೇನೂ ದೊಡ್ಡ ಸುದ್ದಿಯಾಗಿರಲಿಲ್ಲ, ಹಿಂದಿನ ಸಾಲಿನವರು ಆಗಲೇ ಸಿಹಿ ಹಂಚುವ ಕಡೆ ನೋಡುತ್ತಿದ್ದರು. 2019ರಲ್ಲಿ ಪುಸ್ತಕ ಮತ್ತೆ ಅಚ್ಚಾದಾಗ ಕಥೆ, ಚಿತ್ರ ಎಂಬ ವಿಂಗಡಣೆಯನ್ನೇ ತೆಗೆದು ಇಬ್ಬರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಿಸಿದೆವು. ಯಾರದು ಮೊದಲು ಎಂಬ ಚರ್ಚೆ ಬಂತು. ಅವಳು "ನೀವು ದೊಡ್ಡವರು" ಎಂದಳು, ನಾನು ಒಪ್ಪಲಿಲ್ಲ. ಅಕಾರಾದಿಯಾಗಿ ಹಾಕೋಣವೆಂದರೆ ಆಗಲೂ ನನ್ನದೇ ಮೊದಲು ಬಂತು. ಇಬ್ಬರೂ ನಕ್ಕೆವು. ಆ ನಗೆಯಲ್ಲಿ ಅರ್ಧ ನಿಜ, ಇನ್ನರ್ಧ ನಿಜ ಎಂಬ ಭಾಗಗಳಿರಲಿಲ್ಲ.

ಆದರೂ ಮೊದಲಿನ ಐನೂರು ಪ್ರತಿಗಳು ಊರೂರಿಗೆ ಹೋಗಿಬಿಟ್ಟಿವೆ. ನನ್ನ ಬಳಿ ಉಳಿದಿದ್ದ ನಲವತ್ತರ ಮೇಲೆ ಪೆನ್ನಿನಿಂದ ಅವಳ ಹೆಸರು ಬರೆದೆ. ಉಳಿದವು ಯಾವ ಮನೆಯ ಅಟ್ಟದಲ್ಲೋ ಇಂದಿಗೂ ನನ್ನ ಹೆಸರೊಂದನ್ನೇ ಹೇಳುತ್ತಿವೆ. ತಿದ್ದಿದ ಮೇಲೂ ತಪ್ಪು ಒಂದಷ್ಟು ದೂರ ತಾನಾಗಿ ನಡೆಯುತ್ತದೆ.

ಇಷ್ಟೆಲ್ಲ ಬರೆದು ಅವಳ ಹೆಸರನ್ನೇ ಇಲ್ಲಿ ಹೇಳಲಿಲ್ಲವಲ್ಲ ಎಂದು ನೀವು ಕೇಳಬಹುದು. ಅಚ್ಚಿಗೆ ಕಳಿಸುವ ಮೊದಲು ಈ ಹಾಳೆಗಳನ್ನು ಅವಳಿಗೆ ಓದಲು ಕೊಟ್ಟೆ. ಎರಡು ಕಡೆ ಪೆನ್ಸಿಲ್ಲಿನಿಂದ ಗೆರೆ ಎಳೆದು ವಾಪಸು ಕೊಟ್ಟಳು. ಎರಡೂ ಅವಳನ್ನು ಹೊಗಳಿದ ಸಾಲುಗಳು. "ಹೆಸರೂ ಬೇಡ ಅಕ್ಕಾ. ಪುಸ್ತಕದ ಮೇಲೆ ಇದೆಯಲ್ಲ. ಇದು ನೀವೊಬ್ಬರೇ ಬರೆದದ್ದು" ಎಂದಳು.

ಆ ಕೊನೆಯ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಆ ಎರಡು ಗೆರೆಗಳು ಅವಳವು.